ಎಲೆ ತಿರುಗಿಸಿ ನೋಡಿದ ಭಾನುವಾರ

ಅಕ್ಟೋಬರ್ 19, 2025, ಭಾನುವಾರ ರಾತ್ರಿ
ಸೋಮವಾರಪೇಟೆ ಹತ್ತಿರ, ಕೊಡಗು

ದೀಪಾವಳಿ ರಜೆಗೆಂದು ಶುಕ್ರವಾರ ರಾತ್ರಿ ಮನೆಗೆ ಬಂದೆ. ಅವತ್ತೇ ತೀರ್ಥೋದ್ಭವ. ಪಕ್ಕದ ಮನೆಯವರು ತಲಕಾವೇರಿಯಿಂದ ತಂದ ತೀರ್ಥವನ್ನು ಅಮ್ಮ ಪುಟ್ಟ ಬಾಟಲಿಯಲ್ಲಿ ಎತ್ತಿಟ್ಟಿದ್ದರು. ತೀರ್ಥ ತಗೊಂಡು, ಬಿಸಿ ಅನ್ನ ಉಂಡು ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಹೋದ ವಾರ ನನ್ನ ಪ್ರಾಜೆಕ್ಟಿನ ಅಂಕಿ 96ರಿಂದ 61ಕ್ಕೆ ಇಳಿದಿತ್ತು. ಅದೇ ತಲೆಯಲ್ಲಿ ತಿರುಗುತ್ತಿತ್ತು.

ಇದನ್ನು ಮೊದಲ ಸಲ ಓದುವವರಿಗೆ ಸ್ವಲ್ಪ ಹಿಂದಿನದು ಹೇಳುತ್ತೇನೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದೆ. 2024ರಲ್ಲಿ, ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಮೊದಲ ಸಲ ಡೇಟಾ ಸೈನ್ಸ್ ಮತ್ತು ಎಐ ಎಂಬ ಹೊಸ ಪೇಪರ್ ಬಂತು. ಮೈಸೂರಿಗೆ ಹೋಗಿ ಬರೆದೆ. ಸೀಟು ಸಿಕ್ಕಿತು. ಈಗ ಕೃತಕ ಬುದ್ಧಿಮತ್ತೆಯಲ್ಲಿ ಎಂ.ಟೆಕ್. ಎರಡನೇ ವರ್ಷ. ಈ ವರ್ಷವೆಲ್ಲ ಪ್ರಾಜೆಕ್ಟಿನದೇ ಕೆಲಸ.

ವಿಷಯ ಆರಿಸಲು ನಾನು ಜಾಸ್ತಿ ಯೋಚಿಸಲಿಲ್ಲ. ಕಾಫಿ ಎಲೆಯ ತುಕ್ಕು ರೋಗ. ಫೋನಿನಲ್ಲಿ ಎಲೆಯ ಫೋಟೋ ತೆಗೆದರೆ ರೋಗ ಇದೆಯೋ ಇಲ್ಲವೋ ಎಂದು ಮಾಡೆಲ್, ಅಂದರೆ ಫೋಟೋ ನೋಡಿ ಕಲಿತ ಪ್ರೋಗ್ರಾಂ, ಹೇಳಬೇಕು. ನಮ್ಮದು ಅರೇಬಿಕಾ ತೋಟ. ತುಕ್ಕಿನ ಕಾಟ ರೊಬಸ್ಟಾಗಿಂತ ಅರೇಬಿಕಾಕ್ಕೇ ಹೆಚ್ಚು. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು, ಆ ಜಾಗಕ್ಕೆ ಟೀ ಬಂತು. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಎಲೆ ಉದುರಿ ಬರೀ ಕೊಂಬೆ ಉಳಿದ ಗಿಡದ ಮುಂದೆ ಅಪ್ಪ ಸುಮ್ಮನೆ ನಿಂತಿದ್ದನ್ನೂ ನೋಡಿದ್ದೇನೆ.

ಹೋದ ವರ್ಷ ರಜೆಯಲ್ಲಿ ಬಂದಾಗ ಸಾವಿರದಷ್ಟು ಫೋಟೋ ತೆಗೆದುಕೊಂಡು ಹೋಗಿದ್ದೆ. ಮಾಡೆಲನ್ನು ಸೊನ್ನೆಯಿಂದ ಕಲಿಸುವಷ್ಟು ಚಿತ್ರ ಅವಲ್ಲ. ಅದಕ್ಕೇ ಚಿತ್ರ ಗುರುತಿಸುವ ರೆಸ್‌ನೆಟ್ ಎಂಬ ಸಿದ್ಧ ನೆಟ್‌ವರ್ಕ್ ತಗೊಂಡೆ. ಇದು 2015ರಲ್ಲಿ ಬಂದದ್ದು. ಇಮೇಜ್‌ನೆಟ್ ಎಂಬ ಸಂಗ್ರಹದ ಸುಮಾರು 12.8 ಲಕ್ಷ ಚಿತ್ರ ನೋಡಿ ಆಗಲೇ ಕಲಿತಿರುತ್ತದೆ. ಅದರ ಕೊನೆಯ ಪದರ ತೆಗೆದು, ನಮ್ಮ ಎಲೆಗಳನ್ನು ತೋರಿಸಿ ಮತ್ತೆ ಕಲಿಸಬಹುದು. ಆ ಸಂಗ್ರಹದ 1000 ಬಗೆಗಳ ಪಟ್ಟಿಯನ್ನು ನಾನು ಕೂತು ಓದಿದ್ದೇನೆ. ಕಾಫಿ ಮಗ್ ಇದೆ, ಕಾಫಿ ಪಾಟ್ ಇದೆ, ಎಸ್‌ಪ್ರೆಸೊ ಇದೆ. ಕಾಫಿ ಗಿಡ ಇಲ್ಲ. ಅದನ್ನು ಓದಿದ ದಿನ ಈ ಕೆಲಸ ಮಾಡಲೇಬೇಕು ಅನ್ನಿಸಿತು.

ನೂರಕ್ಕೆ 96 ಎಲೆ ಸರಿಯಾಗಿ ಗುರುತಿಸಿತು. ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಮರುದಿನ ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಕಲಿಸಿದ ಫೋಟೋ, ಪರೀಕ್ಷೆ ಮಾಡಿದ ಫೋಟೋ, ಎರಡರಲ್ಲೂ ಒಂದೇ ಗಿಡದ ಎಲೆ ಇದೆಯಾ?"

ಇತ್ತು. ಒಂದೊಂದು ಗಿಡದಲ್ಲಿ ಹತ್ತು ಹದಿನೈದು ಎಲೆಯ ಫೋಟೋ ತೆಗೆದಿದ್ದೆ. ಎಲ್ಲ ಕಲಸಿ, ಐದರಲ್ಲಿ ಒಂದು ಪಾಲನ್ನು ಪರೀಕ್ಷೆಗೆ ಇಟ್ಟಿದ್ದೆ. ಒಂದೇ ಗಿಡ, ಒಂದೇ ಬೆಳಕು, ಅದೇ ಹಿಂದಿನ ಕೊಂಬೆ. ಪರೀಕ್ಷೆಯ ಉತ್ತರವನ್ನು ಮಾಡೆಲ್ ಮೊದಲೇ ಅರ್ಧ ನೋಡಿಬಿಟ್ಟಿತ್ತು. ಡೇಟಾ ಲೀಕ್ ಅನ್ನುವುದು ಇದನ್ನೇ. ಮೊದಲ ಸೆಮಿಸ್ಟರಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಕೈಯಲ್ಲೇ ಆದಾಗ ಕಾಣಲಿಲ್ಲ.

ಆಮೇಲೆ ಮಾದಾಪುರದ ಚಿಕ್ಕಪ್ಪನ ತೋಟದಿಂದ ಫೋಟೋ ತರಿಸಿ ಹಾಕಿದೆ. ಆಗ ಬಂದದ್ದೇ 61. ಚಿಕ್ಕಪ್ಪನ ಒಳ್ಳೆ ಗಿಡಗಳಿಗೂ ತುಕ್ಕು ಎಂದು ಹೇಳುತ್ತಿತ್ತು. ಯಾಕೆ ಎಂದು ನೋಡಲು ಗ್ರ್ಯಾಡ್‌ಕ್ಯಾಮ್ ಹಾಕಿದೆ. ಚಿತ್ರದ ಯಾವ ಭಾಗ ನೋಡಿ ಮಾಡೆಲ್ ಉತ್ತರ ಹೇಳಿತು ಎಂದು ಬಣ್ಣದಲ್ಲಿ ತೋರಿಸುವ ವಿಧಾನ ಅದು. ಕೆಂಪು ಬಣ್ಣ ರೋಗದ ಚುಕ್ಕೆಯ ಮೇಲೆ ಬೀಳಬೇಕಿತ್ತು. ಎಲೆಯ ತುಂಬಾ, ಅಂಚಿನ ತನಕ ಹರಡಿತ್ತು. ಎರಡು ದಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಹೊಳೆಯಿತು. ನಮ್ಮ ಕೆಳಗಿನ ಬ್ಲಾಕಿನಲ್ಲಿ ಚಂದ್ರಗಿರಿ ಎಂಬ ಕಾಫಿ ತಳಿ ಇದೆ. ಅದರ ಎಲೆ ದಪ್ಪ, ಗಾಢ ಹಸಿರು, ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಒಳ್ಳೆ ಎಲೆಗಳ ಫೋಟೋ ಬಹುಪಾಲು ಅಲ್ಲಿಯವು. ತುಕ್ಕಿನ ಫೋಟೋಗಳೆಲ್ಲ ಮೇಲಿನ ಬ್ಲಾಕಿನ ಎಸ್.795 ತಳಿಯ ಗಿಡದವು. ಮಾಡೆಲ್ ಕಲಿತದ್ದು ರೋಗವನ್ನಲ್ಲ, ತಳಿಯನ್ನು. ಚಿಕ್ಕಪ್ಪನದು ಪೂರ್ತಿ ಎಸ್.795.

ಆ ದಿನ ಹಾಸ್ಟೆಲ್ ರೂಮಿನಲ್ಲಿ ಅತ್ತುಬಿಟ್ಟೆ. ಅಂಕಿ ಇಳಿದದ್ದಕ್ಕಲ್ಲ. ಇದು ಕೆಲಸ ಮಾಡುತ್ತೆ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೆನಲ್ಲ, ಅದಕ್ಕೆ. ಅವರು ಅದನ್ನು ನಂಬಿ ಒಂದು ಬ್ಲಾಕಿಗೆ ಔಷಧಿ ಹೊಡೆಯದೆ ಬಿಟ್ಟಿದ್ದರೆ?

ಇವತ್ತು ಬೆಳಿಗ್ಗೆ ಮಂಜು ಬಿಡುವಾಗ ಎಂಟೂವರೆ ಆಗಿತ್ತು. ನಮ್ಮ ತೋಟದಲ್ಲಿ ನಾನು ಹುಟ್ಟುವ ಮೊದಲಿಂದಲೂ ಕೆಲಸ ಮಾಡುತ್ತಿರುವ ಅಕ್ಕ ಒಬ್ಬರಿದ್ದಾರೆ. ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಹಿಡಿದ ಗಿಡ ಹುಡುಕುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಕಾಂಡದ ಮೇಲೆ ಕೈ ಸವರಿಕೊಂಡು ಹೋಗುತ್ತಾರೆ. ತೊಗಟೆಯಲ್ಲಿ ಏಣು ಕೈಗೆ ಸಿಕ್ಕಿದರೆ ನಿಲ್ಲುತ್ತಾರೆ. ಆ ಗಿಡ ಕಿತ್ತು ಸುಡಬೇಕು. ಭಾನುವಾರ ರಜೆ ಇದ್ದರೂ, ಕೇಳಿದ ತಕ್ಷಣ ನನ್ನ ಜೊತೆ ಮೇಲಿನ ಬ್ಲಾಕಿಗೆ ಬಂದರು.

ನಾನು ಹೋದ ವರ್ಷದ ಹಾಗೇ ಫೋನ್ ಹಿಡಿದು ಎಲೆಯ ಮೇಲ್ಭಾಗದ ಫೋಟೋ ತೆಗೆಯಲು ಶುರು ಮಾಡಿದೆ. ಸ್ವಲ್ಪ ಹೊತ್ತು ನೋಡಿದರು.

"ಮೇಲೆ ಏನು ನೋಡ್ತೀಯ ಪುಟ್ಟಿ? ತಿರುಗಿಸು."

ಎಲೆ ತಿರುಗಿಸಿ ಹೆಬ್ಬೆರಳಿನಿಂದ ಉಜ್ಜಿದರು. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಹತ್ತಿತು. "ಇದು ತುಕ್ಕು." ಪಕ್ಕದ ಗಿಡದಲ್ಲಿ ಮೇಲಿಂದ ನೋಡಿದರೆ ಅಂಥದ್ದೇ ಹಳದಿ ಚುಕ್ಕೆ. ಉಜ್ಜಿದರು, ಬೆರಳು ಹಾಗೇ ಇತ್ತು. "ಇದಲ್ಲ." ಈ ಎರಡನೆಯ ಥರದ ಎಲೆಗಳಿಗೂ ಹೋದ ವರ್ಷ ನಾನು ತುಕ್ಕು ಎಂದೇ ಹೆಸರು ಕೊಟ್ಟಿದ್ದೆ! ರೋಗದ ಶಿಲೀಂಧ್ರ ಎಲೆಯೊಳಗೆ ಹೋಗುವುದೇ ಅಡಿಭಾಗದ ಸಣ್ಣ ರಂಧ್ರಗಳಿಂದ. ಪುಡಿ ಏಳುವುದೂ ಅಲ್ಲೇ. ನನ್ನ ಸಾವಿರ ಫೋಟೋದಲ್ಲಿ ಅಡಿಭಾಗದ್ದು ಒಂದೂ ಇರಲಿಲ್ಲ.

ಸ್ವಲ್ಪ ಮುಂದೆ, ನೆರಳು ಜಾಸ್ತಿ ಇದ್ದಲ್ಲಿ, ಒಂದು ಕಪ್ಪು ಎಲೆ ದಾರದಂಥ ಅಂಟಿನಲ್ಲಿ ಕೊಂಬೆಗೆ ತೂಗಾಡುತ್ತಿತ್ತು. "ಇದು ಕೊಳೆ, ಮಳೆಗಾಲದ್ದು" ಅಂದರು. ಈ ಕೊಳೆರೋಗದ ಶಿಲೀಂಧ್ರಕ್ಕೆ ಹಿಂದೆ ವಿಜ್ಞಾನಿಗಳು ಇಟ್ಟ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ನಮ್ಮ ತೋಟದ ಮಾತೇ ಲ್ಯಾಟಿನ್ ಹೆಸರಿನೊಳಗೆ ಹೋಗಿ ಕೂತಿದೆ. ಅದನ್ನು ಹೇಳಿದಾಗ ಅಕ್ಕ, "ಮತ್ತೆ? ಕೊಳೆಗೆ ಕೊಳೆ ಅನ್ನದೆ ಇನ್ನೇನು ಅಂತಾರೆ?" ಎಂದು ಮುಂದಿನ ಗಿಡಕ್ಕೆ ಹೋದರು.

ಎಂ.ಟೆಕ್‌ನಲ್ಲಿ ಗ್ರೌಂಡ್ ಟ್ರುತ್ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಮಾಡೆಲಿಗೆ ಇದೇ ಸರಿ ಉತ್ತರ ಎಂದು ನಾವು ಕೊಡುವುದು. ಆ ಉತ್ತರ ಎಲ್ಲಿಂದ ಬರಬೇಕು ಎಂದು ನನಗೆ ಗೊತ್ತಾದದ್ದು ಆ ಕಿತ್ತಳೆ ಪುಡಿ ನೋಡಿದಾಗ. ಇನ್ನು ಮುಂದೆ ನನ್ನ ಡೇಟಾದಲ್ಲಿ ಪ್ರತಿ ಎಲೆಗೂ ಅಕ್ಕ ಉಜ್ಜಿ ಹೇಳಿದ್ದೇ ಹೆಸರು. ವರದಿಯಲ್ಲೂ ಅವರನ್ನು ಹೆಸರಿಸಿಯೇ ಬರೆಯುತ್ತೇನೆ. ಈ ದಿನಗಳಿಗೆ ಕೂಲಿಯೂ ಕೊಡಬೇಕು, ನನ್ನ ಸ್ಟೈಪೆಂಡಿನಿಂದ. ಅಪ್ಪನಿಗೆ ಹೇಳಿದ್ದೇನೆ.

ಸಂಜೆ ಗುಡುಗು ಬಂದು ಕರೆಂಟ್ ಹೋಯಿತು. ಪಕ್ಕದ ಮನೆಯ ಹುಡುಗ ಬಂದಿದ್ದ. ದ್ವಿತೀಯ ಪಿಯುಸಿ. "ಅಕ್ಕ, ಎಐ ಅಂದ್ರೆ ಬರೀ ಕೋಡಿಂಗ್ ಅಲ್ವಾ?" ಎಂದು ಕೇಳಿದ. ಅಲ್ಲ ಎಂದೆ. ಪೈಥಾನ್ ಬೇಕು, ಆದರೆ ಅದು ಬೇಗ ಬರುತ್ತದೆ. ದಿನಾ ಬೇಕಾಗುವುದು ಗಣಿತ. ಮ್ಯಾಟ್ರಿಕ್ಸ್, ಸಂಭವನೀಯತೆ, ಕ್ಯಾಲ್ಕುಲಸ್. ಈಗ ಕಾಲೇಜಿನಲ್ಲಿ ಮಾಡುತ್ತಿರುವುದನ್ನೇ ಗಟ್ಟಿ ಮಾಡಿಕೋ ಎಂದೆ. ಮುಂದೆ ಗೇಟ್ ಬರೆದರೆ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಆ ದಾರಿಯಲ್ಲಿ ಸೀಟು ಸಿಕ್ಕಿ ಸ್ಟೈಪೆಂಡ್ ಬಂದರೆ ತಿಂಗಳಿಗೆ 12,400 ರೂಪಾಯಿ. ಮನೆಯವರ ಹತ್ತಿರ ಮಾತಾಡುವಾಗ ಅದನ್ನೂ ಹೇಳು ಎಂದೆ.

ಆಮೇಲೆ ಅವನಿಗೊಂದು ಲೆಕ್ಕ ಕೊಟ್ಟೆ. ನೂರು ಎಲೆಯಲ್ಲಿ ಹತ್ತಕ್ಕೆ ಮಾತ್ರ ರೋಗ ಇದೆ. ಒಂದು ಮಾಡೆಲ್ ಏನೂ ನೋಡದೆ ಎಲ್ಲದಕ್ಕೂ ಒಳ್ಳೆದು ಅನ್ನುತ್ತದೆ. ಎಷ್ಟು ಅಂಕ? ಸ್ವಲ್ಪ ಯೋಚಿಸಿ, "ತೊಂಬತ್ತು" ಅಂದ. ರೋಗದ ಎಲೆ ಎಷ್ಟು ಹಿಡಿಯಿತು? "ಒಂದೂ ಇಲ್ಲ." ಅವನ ಮುಖದಲ್ಲಿ ಬೆಳಕು ಮೂಡಿತು. ಹಿಡಿಯಬೇಕಾದದ್ದರಲ್ಲಿ ಎಷ್ಟು ಹಿಡಿಯಿತು ಎನ್ನುವುದಕ್ಕೆ ರೀಕಾಲ್ ಅನ್ನುತ್ತಾರೆ, ತೋಟದವರಿಗೆ ಅದೇ ಮುಖ್ಯ ಎಂದೆ. ಪುಸ್ತಕದ ಹಿಂದೆ ಬರೆದುಕೊಂಡ.

ಊಟ ಆದ ಮೇಲೆ ಅಪ್ಪನಿಗೆ 61ರ ವಿಷಯ ಪೂರ್ತಿ ಹೇಳಿದೆ. ಚಂದ್ರಗಿರಿ, ಎಸ್.795, ಮೇಲ್ಭಾಗದ ಫೋಟೋ, ಎಲ್ಲ. ಅವರು ಬೈಯಲಿಲ್ಲ, ಸಮಾಧಾನವೂ ಹೇಳಲಿಲ್ಲ. "ಹಾಗಾದರೆ ಗಿಡಕ್ಕೆ ನಂಬರ್ ಹಾಕಬೇಕಲ್ಲ?" ಅಂದರು. ಹೌದು. ಇನ್ನು ಗಿಡದ ಲೆಕ್ಕದಲ್ಲೇ ಫೋಟೋ ಬೇರೆ ಮಾಡಬೇಕು. ಒಂದು ಗಿಡ ಕಲಿಸುವ ಕಡೆ ಇದ್ದರೆ ಅದರ ಒಂದು ಎಲೆಯೂ ಪರೀಕ್ಷೆಯ ಕಡೆ ಹೋಗಬಾರದು. ಚಿಕ್ಕಪ್ಪನ ತೋಟ ಪೂರ್ತಿ ಪರೀಕ್ಷೆಗೆ. ಅರೇಬಿಕಾ ಕುಯ್ಲು ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಷ್ಟರೊಳಗೆ ಮುಗಿಸಬೇಕು.

ಈಗ ಮೇಣದಬತ್ತಿ ಇಟ್ಟುಕೊಂಡು ಅಪ್ಪ ಹಳೆಯ ಎಣ್ಣೆ ಕ್ಯಾನ್ ಕತ್ತರಿಸಿ ಬಿಲ್ಲೆ ಮಾಡುತ್ತಿದ್ದಾರೆ. ಅಮ್ಮ ತೂತು ಹಾಕಿ ದಾರ ಪೋಣಿಸುತ್ತಿದ್ದಾರೆ. ನಾನು ಮನೆಯ ಗೇಟಿಗೆ ಹೊಡೆದು ಉಳಿದ ಪೇಂಟಿನಲ್ಲಿ ನಂಬರ್ ಬರೆಯುತ್ತಿದ್ದೇನೆ. 40ರ ತನಕ ಆಗಿದೆ. ಬೆಳಿಗ್ಗೆ ಏಳಕ್ಕೆ ಅಕ್ಕ ಬರುತ್ತಾರೆ.