14 ಟೀಮ್ ತಿರುಗಿದವನು ನಿನಗ್ಯಾಕೆ ಇಷ್ಟ?

ಬೇಸ್‌ಬಾಲ್ ನೋಡುತ್ತೇನೆ ಅಂದ ಕೂಡಲೇ ಯಾರು ಇಷ್ಟ ಅಂತ ಕೇಳುತ್ತಾರೆ. ಎಡ್ವಿನ್ ಜಾಕ್ಸನ್ ಅನ್ನುತ್ತೇನೆ. ಫೋನಿನಲ್ಲಿ ಹೆಸರು ಹುಡುಕುತ್ತಾರೆ. ಆಮೇಲೆ ಬರುವ ಪ್ರಶ್ನೆ ಒಂದೇ: "14 ಟೀಮ್ ಬದಲಿಸಿದ ಪಿಚರ್ (ಚೆಂಡು ಎಸೆಯುವವನು) ಯಾಕೆ ಇಷ್ಟ?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ.

ಮೊದಲು ಆ "ಬದಲಿಸಿದ" ಅನ್ನುವ ಮಾತು ಬಿಡಿ. ಎಷ್ಟೋ ಸಲ ಅವನನ್ನೇ ಬದಲಿಸಿದರು. ಟ್ರೇಡ್ ಮಾಡುವಾಗ, ಅಂದರೆ ಒಂದು ಟೀಮ್ ಆಟಗಾರನನ್ನು ಇನ್ನೊಂದಕ್ಕೆ ಕೊಡುವಾಗ, ಅವನನ್ನು ಕೇಳುವುದಿಲ್ಲ. ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿರಬೇಕು. ಇಲ್ಲದಿದ್ದರೆ ಅಮೆರಿಕದ ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ಟೀಮ್‌ನಲ್ಲಿರಬೇಕು. ಆಗ ಮಾತ್ರ ಬೇಡ ಅನ್ನಬಹುದು. ಎಲ್ಲೂ ನಿಲ್ಲಲು ಬಿಡದವನಿಗೆ ಆ ಹಕ್ಕು ಎಲ್ಲಿಂದ ಬರಬೇಕು? 2011ರ ಜುಲೈ 27ರಂದು ಶಿಕಾಗೋದವರು ಅವನನ್ನು ಟೊರಾಂಟೊಗೆ ಕೊಟ್ಟರು. ಟೊರಾಂಟೊದವರು ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿದರು. ಆ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್, ಗೆದ್ದಿತು.

ಒಂದು ಯುಗಾದಿ ಊಟದಲ್ಲಿ ಭಾವ ಕೇಳಿದರು: "ಏನಮ್ಮಾ, ಇವನನ್ನ ಯಾರೂ ಇಟ್ಕೊಳ್ಳಲಿಲ್ಲ ಅಲ್ವಾ? ಕೊಹ್ಲಿ ನೋಡು, 2008ರಿಂದ ಒಂದೇ ಟೀಮ್." ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟೆ. ಸಿಟ್ಟು ಅಷ್ಟು ಬಂದಿತ್ತು. ನಮ್ಮಪ್ಪ ಬ್ಯಾಂಕಿನಲ್ಲಿದ್ದರು. ಮೂರು ವರ್ಷಕ್ಕೊಂದು ಊರು. ನಾನು ಐದು ಶಾಲೆ ಕಂಡೆ. ಪ್ರತಿ ಸಲ ಮೊದಲ ದಿನ ಬೆಂಚಿನ ತುದಿಯಲ್ಲಿ ಕೂತೆ. ಅಪ್ಪನನ್ನು ಯಾರೂ ಇಟ್ಟುಕೊಳ್ಳಲಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ವರ್ಗ ಆಯ್ತು ಅಂದರು, ಅಷ್ಟೇ.

ಜಾಕ್ಸನ್ ಕೂಡ ಅಂಥ ಮನೆಯ ಮಗನೇ. ಅಪ್ಪ ಅಮೆರಿಕದ ಸೈನಿಕ. ಹಾಗಾಗಿ ಅವನು ಹುಟ್ಟಿದ್ದು ಜರ್ಮನಿಯ ನೋಯ್-ಉಲ್ಮ್‌ನಲ್ಲಿ.

ಅವನ ಆಟದಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪಿಚರ್ ಆಗಿ ಅವನ ಹೆಸರಿಗೆ 107 ಗೆಲುವು, 133 ಸೋಲು. 2013ರ ಒಂದೇ ವರ್ಷ 18 ಪಂದ್ಯ ಸೋತ. ಆದರೆ 2010ರ ಜೂನ್ 25 ಇದೆಯಲ್ಲ! ಅರಿಜೋನಾ ಪರವಾಗಿ ತನ್ನ ಹಳೆಯ ಟ್ಯಾಂಪಾ ಬೇ ಟೀಮ್ ಎದುರು, ಅವರದೇ ಅಂಗಳದಲ್ಲಿ. ಚೆಂಡು ಅವನ ಮಾತು ಕೇಳುತ್ತಲೇ ಇರಲಿಲ್ಲ. ಕೆಟ್ಟ ಎಸೆತಗಳಿಂದಲೇ ಎಂಟು ಸಲ ಬ್ಯಾಟರ್‌ಗಳು ಸುಮ್ನೆ ಮೊದಲ ಬೇಸ್‌ಗೆ ನಡೆದುಹೋದರು. ಮೂರನೇ ಇನ್ನಿಂಗ್ಸ್‌ನಲ್ಲಿ ಒಬ್ಬರೂ ಔಟಾಗದೆ ಮೂರೂ ಬೇಸ್ ತುಂಬಿದವು. ಒಂದು ರನ್ನೂ ಕೊಡಲಿಲ್ಲ. ಕೊನೆಗೆ 149 ಎಸೆತ, ಒಂದೂ ಹಿಟ್ ಇಲ್ಲ (ಚೆಂಡು ಹೊಡೆದು ಬೇಸ್ ಗಳಿಸಿದವರು ಒಬ್ಬರೂ ಇಲ್ಲ), 1–0 ಗೆಲುವು. ಅದಾದ 35ನೇ ದಿನಕ್ಕೆ ಅವನನ್ನು ಶಿಕಾಗೋಗೆ ಕೊಟ್ಟುಬಿಟ್ಟರು. ಇದನ್ನು ಓದಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಭಾವ, 13 ಟೀಮ್ ಯಾಕೆ ಬಿಟ್ಟವು ಅಂತ ಕೇಳಿದಿರಿ. 14ನೆಯದು ಯಾಕೆ ಕರೆಯಿತು ಅಂತ ಕೇಳಿ. 2018ರಲ್ಲಿ ಓಕ್‌ಲ್ಯಾಂಡ್‌ನ ಪಿಚರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ಜಾಕ್ಸನ್ ಬಂದು 17 ಪಂದ್ಯಗಳಲ್ಲಿ ಮೊದಲ ಪಿಚರ್ ಆಗಿ ಎಸೆದ. ಆ ವರ್ಷ ಅವರು ಪ್ಲೇಆಫ್ ತಲುಪಿದರು. 2019ರ ಮೇ ತಿಂಗಳಲ್ಲಿ ಪಿಚರ್ ಬೇಕಾಗಿದ್ದು ಟೊರಾಂಟೊಗೆ. ಎಂಟು ವರ್ಷದ ಹಿಂದೆ ಒಂದು ದಿನವೂ ಇಟ್ಟುಕೊಳ್ಳದ ಅದೇ ಟೀಮ್. ಆ ಅಂಗಿ ತೊಟ್ಟು ಆಡಿದಾಗ, ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ಟೀಮ್‌ಗಳಿಗೆ ಆಡಿದ ದಾಖಲೆ ಆಯಿತು: 14. 2021ರಲ್ಲಿ, 37ನೇ ವಯಸ್ಸಿಗೆ, ಜಪಾನಿನಲ್ಲಿ ಅಮೆರಿಕ ತಂಡದ ಜೊತೆ ಒಲಿಂಪಿಕ್ ಬೆಳ್ಳಿ ಪದಕ ಕೊರಳಿಗೆ ಹಾಕಿಕೊಂಡ.