ಇದರ ಧೂಳು ಯಾರು ಹೊಡೀತಾರೆ?

ಕಳೆದ ಶನಿವಾರ ಆಫೀಸಿನ ಗೆಳೆಯನ ಮದುವೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಬರ್ಡೀನ್‌ನಿಂದ ಹೊರಟು ಬ್ರೇಮಾರ್ ಊರು ದಾಟಿದರೆ ಮಾರ್ ಲಾಡ್ಜ್, ಸ್ಕಾಟ್ಲೆಂಡಿನ ಒಂದು ಹಳೆಯ ಬೇಟೆ ಮನೆ. ಊಟ, ಕುಣಿತ ಎಲ್ಲ ಅಲ್ಲಿನ ಬಾಲ್‌ರೂಮಿನಲ್ಲಿ. ಒಳಗೆ ಕಾಲಿಟ್ಟ ಅಮ್ಮ ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟಳು. ಗೋಡೆ, ಚಾವಣಿ, ಎಲ್ಲೆಲ್ಲೂ ಕೊಂಬು. 2,435 ಗಂಡು ಜಿಂಕೆಗಳ ಬುರುಡೆ, ಸಾಲಾಗಿ.

"ಇದರ ಧೂಳು ಯಾರು ಹೊಡೀತಾರೆ ಮಾರಾಯ?"

ನಾನು ನಕ್ಕೆ. ಸೊಗಸಾಗಿದೆ ಅಂತಲೋ, ಪಾಪ ಅಂತಲೋ ಹೇಳ್ತಾಳೆ ಅಂದುಕೊಂಡಿದ್ದೆ.

ವಿಕ್ಟೋರಿಯಾ ರಾಣಿಯ ಮೊಮ್ಮಗಳು ಲೂಯಿಸ್, ಅವಳ ಗಂಡ ಫೈಫ್‌ನ ಡ್ಯೂಕ್, ಇವರಿಗಾಗಿ ಎದ್ದ ಮನೆ ಇದು. 1895ರಲ್ಲಿ ರಾಣಿಯೇ ಅಡಿಗಲ್ಲು ಇಟ್ಟಳು. ನಕ್ಷೆ ಮಾರ್ಷಲ್ ಮೆಕೆಂಜಿಯದು. ನಾನು ದಿನಾ ನೋಡುವ ಮಾರಿಷಲ್ ಕಾಲೇಜಿನ ಬೂದು ಗ್ರಾನೈಟ್ ಮುಖವೂ ಅವನದೇ. ಪೇಟೆಯಲ್ಲಿ ಅಷ್ಟು ಬಿಗುಮಾನದ ಮನುಷ್ಯ, ಇಲ್ಲಿ ಕೆಂಪು ಹೆಂಚು, ಮರದ ಪಟ್ಟಿ ಹೊಡೆದ ಮುಕ್ಕೋನ ಗೋಡೆ ಅಂತ ಸಲೀಸಾಗಿದ್ದಾನೆ. ದೊಡ್ಡವರು ಬೇಟೆಗೆ ಬಂದಾಗ ಹಳ್ಳಿಯವರಂತೆ ಕಾಣಬೇಕಲ್ವಾ! ನನಗೇನೋ ಇದು ಸ್ವಲ್ಪ ನಾಟಕ ಅನ್ನಿಸಿತು. 1991ರಲ್ಲಿ ಬೆಂಕಿ ಬಿದ್ದು, ಆಮೇಲೆ ರಿಪೇರಿಯಾಗಿ, 1995ರಿಂದ ಹಳೆಯ ಮನೆ, ಜಾಗಗಳನ್ನು ಕಾಪಾಡುವ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ.

ಊಟದ ಮೇಜಿನಲ್ಲಿ ಪಕ್ಕ ಕೂತಿದ್ದವರು ಮದುಮಗನ ದೊಡ್ಡಪ್ಪ. ಬೇರೆ ಎಸ್ಟೇಟಿನಲ್ಲಿ ಜಿಂಕೆ ಬೇಟೆಗೆ ದಾರಿ ತೋರಿಸುವ ಸ್ಟಾಕರ್ ಆಗಿದ್ದವರು. ಮಾತು ಕಡಿಮೆ. ಅಮ್ಮನ ಪ್ರಶ್ನೆಯನ್ನು ಸುಮ್ನೆ ತಮಾಷೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ.

"ನನ್ನಮ್ಮನಂಥವರು," ಅಂದರು.

ಅವರ ತಾಯಿ ಇಂಥದೇ ಇನ್ನೊಂದು ಲಾಡ್ಜ್‌ನಲ್ಲಿ ಕೆಲಸಕ್ಕಿದ್ದವರಂತೆ. ಬೆಳಿಗ್ಗೆ ಅತಿಥಿಗಳು ಏಳುವುದರೊಳಗೆ ಪ್ರತಿ ಕೋಣೆಯ ಒಲೆ ಉರಿಯಬೇಕು, ಆದರೆ ಉರಿಸಿದವಳು ಕಾಣಬಾರದು.

ಆಮೇಲೆ ಮಾತು ತಾನಾಗೇ ಹರಿಯಿತು. ಬೇಟೆ ಮಾಂಸ ತೂಗುಹಾಕುವ ಲಾರ್ಡರ್ ಬಗ್ಗೆ ಹೇಳುವಾಗ ಅವರ ಕಣ್ಣು ಅರಳಿತು. ಮನೆಯಿಂದ ದೂರ, ಮರದ ನೆರಳಲ್ಲಿ, ಬಿಸಿಲು ತಾಗದ ಉತ್ತರದ ಕಡೆ ಅದನ್ನು ಕಟ್ಟುತ್ತಾರೆ. ಗೋಡೆಗೆ ಓರೆ ಪಟ್ಟಿಗಳು, ಗಾಳಿ ಒಳಗೆ, ಮಳೆ ಹೊರಗೆ. ನೊಣ ಬರದ ಹಾಗೆ ಸಣ್ಣ ಜಾಲರಿ. ಸೂರು ಉದ್ದ ಚಾಚಿರಬೇಕು. ಮೇಲೆ ಕಬ್ಬಿಣದ ಕೊಕ್ಕೆ, ಕೆಳಗೆ ಚರಂಡಿ ಕಡೆಗೆ ಇಳಿಜಾರಾದ ಕಲ್ಲು ನೆಲ. ಬೊಗಳುವುದು ಕೇಳದಷ್ಟು ಆಚೆ ನಾಯಿಗಳ ಮನೆ. ಗುಡ್ಡದಿಂದ ಜಿಂಕೆ ಹೊತ್ತು ತರುವ ಪೋನಿಗಳಿಗೆ ಲಾಯ. ಬಂದೂಕಿನ ಕೋಣೆ ಹಿತ್ತಿಲ ಬಾಗಿಲ ಹತ್ತಿರ, ಕೆಸರು ಬೂಟು ನಡುಮನೆಗೆ ಬರಬಾರದಲ್ಲ. ಒದ್ದೆ ಟ್ವೀಡ್, ಅಂದರೆ ಬೇಟೆಯ ಉಣ್ಣೆ ಬಟ್ಟೆ, ಒಣಗಿಸಲು ಬೇರೆಯೇ ಬೆಚ್ಚನೆ ಕೋಣೆ.

"ಕೆಲಸದವರ ಕೋಣೆ ಬೆಚ್ಚಗಿತ್ತಾ?" ಅಂದೆ.

"ಟ್ವೀಡ್ ಬೆಚ್ಚಗಿತ್ತು," ಅಂದರು.

ಇಷ್ಟೆಲ್ಲ ವರ್ಷಕ್ಕೆ ಕೆಲವೇ ವಾರಕ್ಕೆ. ಆಗಸ್ಟ್ 12ಕ್ಕೆ ಗ್ರೌಸ್ ಹಕ್ಕಿ ಶುರು, ಆಗೆಲ್ಲ ಅಕ್ಟೋಬರ್ ನಡುವೆ ಗಂಡು ಜಿಂಕೆ ಬೇಟೆ ಮುಗೀತಿತ್ತು. 1866ರಲ್ಲಿ ಬಾಲಟರ್ ಪೇಟೆಗೆ ರೈಲು ಬಂದ ಮೇಲೆ ಅತಿಥಿಗಳೂ ಪೆಟ್ಟಿಗೆಗಳೂ ಆಳುಗಳೂ ಬಂದಿಳಿಯುವುದು ಸುಲಭವಾಯಿತು. ಇಲ್ಲೇ ಹತ್ತಿರದ ಗ್ಲೆನ್ ಲೂಯಿ ಕಣಿವೆಯಲ್ಲಿ ಹಿಂದೆ ಒಕ್ಕಲೆದ್ದು ಹೋಗಬೇಕಾದವರ ಮನೆಗಳ ಕಲ್ಲು ಇನ್ನೂ ಹುಲ್ಲಿನಲ್ಲಿವೆ. ಕೊಂಬು ಎಷ್ಟು ಅಂತ ಎಲ್ಲರೂ ಹೇಳ್ತಾರೆ. ಆ ಮನೆಗಳಲ್ಲಿ ಜನ ಎಷ್ಟಿದ್ದರು ಅಂತ ಮೇಜಿನಲ್ಲಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಮದುವೆ ಮನೆ.

ಬರುವಾಗ ಕಾರಿನಲ್ಲಿ ಮತ್ತೆ ಅದೇ ಪ್ರಶ್ನೆ ತಲೆಗೆ ಬಂತು. ಅಷ್ಟು ಕೊಂಬು ನೋಡಿದ ತಕ್ಷಣ ಧೂಳೇ ಯಾಕೆ ನೆನಪಾಯ್ತು ಅಂತ ಅಮ್ಮನನ್ನು ಕೇಳಿದೆ.

"ನಮ್ಮ ಜಗಲೀಲಿ ಅಜ್ಜನ ಕಾಲದ ಕಡವೆ ಕೊಂಬು ಇರ್ಲಿಲ್ವನೋ? ಮದುವೆಯಾಗಿ ಬಂದ ವರ್ಷದಿಂದ ಪ್ರತಿ ದೀಪಾವಳಿಗೂ ಏಣಿ ಹತ್ತಿ ಒರೆಸಿದ್ದು ನಾನು. ಕವಲಿನ ಸಂದೀಲಿ ಜೇಡನ ಬಲೆ, ಬಟ್ಟೆ ಹೋಗೋದೇ ಇಲ್ಲ. ಬೆರಳು ಹಾಕ್ಬೇಕು."

ಆ ಕೊಂಬು ನನಗೆ ಚೆನ್ನಾಗಿ ನೆನಪಿದೆ. ಏಣಿ ನೆನಪಿಲ್ಲ.