ಬಾತುಕೋಳಿಯ ಕರುಳಿನ ಹುಳುಗಳು: ಮಳೆಗಾಲದ ಕೆಲಸದ ವರದಿ

ಕಾಡುಬಾತುಗಳ ಕರುಳಿನಲ್ಲಿ ಬದುಕುವ ಹುಳುಗಳ ದೇಹರಚನೆಯನ್ನು ಸ್ಲೈಡ್ ಮತ್ತು ರೇಖಾಚಿತ್ರಗಳಲ್ಲಿ ದಾಖಲಿಸುವ ನನ್ನ ಕೆಲಸ ಈಗ ಎಕಿನೊಸ್ಟೋಮ ಎಂಬ ಚಪ್ಪಟೆ ಹುಳುವಿನ ಕೊರಳಪಟ್ಟಿಯವರೆಗೆ ಬಂದು ನಿಂತಿದೆ. ಕಾಡುಬಾತುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಅವುಗಳನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಉಡುಪಿಯ ಸುತ್ತಲಿನ ಬೈಲುಗದ್ದೆಗಳಲ್ಲಿ ಮೇಯುವ ಸಾಕುಬಾತುಗಳನ್ನು ಮಾಂಸಕ್ಕಾಗಿ ಕೊಯ್ದಾಗ ಸಿಗುವ ಕರುಳೇ ನನಗೆ ಆಧಾರ. ಸಾಕುಬಾತುಗಳ ಹೆಚ್ಚಿನ ತಳಿಗಳು ಮಲ್ಲಾರ್ಡ್ ಎಂಬ ಕಾಡುಬಾತುವಿನಿಂದಲೇ ಬಂದವು. ಕಾಡಿನದಾಗಲಿ ಸಾಕಿದ್ದಾಗಲಿ, ನಿಂತ ನೀರಿನ ಬಸವನಹುಳುಗಳನ್ನು ತಿನ್ನುವ ಬಾತುಗಳಲ್ಲಿ, ಆ ಬಸವನಹುಳುಗಳ ಮೂಲಕ ಒಳಸೇರುವ ಇಂಥ ಹುಳುಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ.

ಕರುಳು ಸದಾ ಹಿಂಡುತ್ತ, ಒಳಗಿದ್ದುದನ್ನೆಲ್ಲ ಹಿಂದಕ್ಕೆ ತಳ್ಳುತ್ತಿರುತ್ತದೆ. ಆ ಒತ್ತಡದಲ್ಲಿ ಕಚ್ಚಿ ಹಿಡಿದು ನಿಲ್ಲುವ ಅಗತ್ಯವೇ ಈ ಹುಳುಗಳ ತಲೆಯ ಭಾಗವನ್ನು ರೂಪಿಸಿದೆ ಎಂಬುದು, ಸೂಕ್ಷ್ಮದರ್ಶಕದ ಮುಂದೆ ಕುಳಿತಷ್ಟೂ ನನಗೆ ಖಚಿತವಾಗುತ್ತಿದೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಎಕಿನೊಸ್ಟೋಮದಲ್ಲಿ ಬಾಯಿಯ ಸುತ್ತ ಒಂದು ಸಣ್ಣ ಹೀರುಬಟ್ಟಲು, ಅದರ ಹಿಂದೆ ಹೊಟ್ಟೆಯ ಬದಿಯಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಹೀರುಬಟ್ಟಲು ಇವೆ. ಬಾಯಿಯ ಬಟ್ಟಲನ್ನು ಬಳಸಿದ ಕೊರಳಪಟ್ಟಿಯ ಮೇಲೆ ಒಟ್ಟು 37 ಮುಳ್ಳುಗಳಿವೆ: ಬೆನ್ನಿನ ಬದಿಯಲ್ಲಿ ಎರಡು ಸಾಲುಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ 15, ಎರಡೂ ಪಕ್ಕಗಳಲ್ಲಿ ಆರಾರು, ಹೊಟ್ಟೆಯ ಕಡೆಯ ಎರಡು ಮೂಲೆಗಳಲ್ಲಿ ಐದೈದರ ಗುಂಪು. ಹೊಟ್ಟೆಯ ಬದಿಯಲ್ಲಿ ಸಾಲು ಕಡಿದುಹೋಗುವುದರಿಂದ ಪಟ್ಟಿ ಪೂರ್ತಿ ಬಳೆಯಾಗುವುದಿಲ್ಲ. ಮೂಲೆಯ ಮುಳ್ಳುಗಳು ಒಂದರ ಮೇಲೊಂದು ಮಲಗಿರುವುದರಿಂದ ಎಣಿಸುವುದು ನಿಜಕ್ಕೂ ಕಷ್ಟ. ಫೋಕಸನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತ ಒಂದೊಂದರ ಬುಡವನ್ನೂ ಹುಡುಕಬೇಕು. ಎಣಿಕೆ ಸರಿಬಂದರೂ ಜಾತಿ ನಿರ್ಧಾರವಾಗುವುದಿಲ್ಲ, ಏಕೆಂದರೆ 37 ಮುಳ್ಳುಗಳುಳ್ಳ ಹಲವು ಜಾತಿಗಳಿವೆ. ಹೀಗಾಗಿ ನನ್ನ ಚಿತ್ರದ ಕೆಳಗೆ ಜಾತಿಯ ಹೆಸರನ್ನು ಬರೆದಿಲ್ಲ.

ಬಾತು ಸತ್ತು ಹೆಚ್ಚು ಹೊತ್ತಾದರೆ ಈ ಮುಳ್ಳುಗಳು ಉದುರಿಹೋಗುತ್ತವೆ. ಅಂಗಡಿಯವರು ಕೊಯ್ದ ಕೂಡಲೇ ಫೋನ್ ಮಾಡುವಷ್ಟು ಆಸ್ಥೆ ತೋರಿಸುತ್ತಿರುವುದರಿಂದಲೇ ಒಳ್ಳೆಯ ಮಾದರಿಗಳು ಸಿಕ್ಕಿವೆ. ಲವಣದ್ರಾವಣದಲ್ಲಿ ತೊಳೆದು, ಬಿಸಿ ಫಾರ್ಮಲಿನ್‌ನಲ್ಲಿ ಕೊಂದರೆ ಹುಳು ಮುದುಡದೆ ನೀಳವಾಗಿ ಉಳಿಯುತ್ತದೆ. ಬಳಿಕ ಕಾರ್ಮೈನ್ ಬಣ್ಣ ಕೊಟ್ಟಾಗ, ಹಿಂಭಾಗದಲ್ಲಿ ಒಂದರ ಹಿಂದೊಂದು ಇರುವ ಎರಡು ವೃಷಣಗಳು, ಅವುಗಳ ಮುಂದಿನ ಅಂಡಾಶಯ, ಮೊಟ್ಟೆಗಳಿಂದ ತುಂಬಿದ ಗರ್ಭನಾಳದ ಸುರುಳಿ ಎಲ್ಲವೂ ಕೆಂಪಾಗಿ ಎದ್ದು ಕಾಣುತ್ತವೆ. ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡರ ಅಂಗಗಳನ್ನೂ ಇಷ್ಟು ಸ್ಪಷ್ಟವಾಗಿ ನೋಡುವುದು ನನಗೆ ಈ ಕೆಲಸದ ಅತ್ಯಂತ ದೊಡ್ಡ ಸಂತೋಷ. ಬಣ್ಣ ಕೊಟ್ಟ ಮೇಲೆ ಹುಳುವಿನ ನೀರನ್ನು ಆಲ್ಕೋಹಾಲಿನಿಂದ ತೆಗೆದು, ಅದನ್ನು ಪಾರದರ್ಶಕವಾಗಿಸಲು ಕ್ಸೈಲೀನ್ ಎಂಬ ದ್ರವದಲ್ಲಿ ಅದ್ದಬೇಕು. ಆದರೆ ಕರಾವಳಿಯ ಮಳೆಗಾಲದಲ್ಲಿ ಆಲ್ಕೋಹಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹುಳುವಿನಲ್ಲಿ ನೀರಿನಂಶ ಉಳಿದರೆ ಕ್ಸೈಲೀನ್ ಹಾಲಿನಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಕೊನೆಯ ಆಲ್ಕೋಹಾಲನ್ನು ಪ್ರತಿ ಬಾರಿಯೂ ಹೊಸದಾಗಿ ಬಳಸುತ್ತಿದ್ದೇನೆ, ಸ್ಲೈಡ್‌ಗಳನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಒಣಗಿಸುತ್ತಿದ್ದೇನೆ.

ಲಾಡಿಹುಳುಗಳ ಪೈಕಿ ಫಿಂಬ್ರಿಯಾರಿಯ ಒಂದು ಹಳೆಯ ಸ್ಲೈಡನ್ನು ಪರಿಚಯದ ಅಧ್ಯಾಪಕರೊಬ್ಬರು ನೋಡಲು ಕೊಟ್ಟರು. ಇದರ ನಿಜವಾದ ತಲೆ ತೀರ ಚಿಕ್ಕದು, ಅದರ ಕೊಕ್ಕೆಗಳು ಹತ್ತೇ. ಅದರ ಹಿಂದೆ ದೇಹವೇ ಅಗಲವಾಗಿ ಮಡಿಕೆಮಡಿಕೆಯಾಗಿ ಹರಡಿಕೊಂಡು ಹುಸಿತಲೆಯಾಗಿದೆ. ಬೆಳೆದ ಹುಳುವಿನಲ್ಲಿ ನಿಜವಾದ ತಲೆ ಕಳಚಿಹೋಗಿ ಈ ಮಡಿಕೆಯೊಂದೇ ಹಿಡಿತಕ್ಕೆ ಉಳಿಯುವುದುಂಟು.

ಮುಂದಿನ ಸರದಿ ಮುಳ್ಳುತಲೆಯ ಹುಳುವಿನದು. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಆಹಾರವನ್ನು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಕೊಕ್ಕೆಗಳ ಸೊಂಡಿಲನ್ನು ಅದು ಒಳಕ್ಕೆ ಎಳೆದುಕೊಂಡಿರುವುದರಿಂದ, ಬರಿ ನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಒಳಸೇರಿದ ನೀರಿನ ಒತ್ತಡಕ್ಕೆ ಸೊಂಡಿಲು ಹೊರಚಾಚಿದ ಮೇಲಷ್ಟೇ ಅದಕ್ಕೆ ಬಣ್ಣ ಕೊಡಲಿದ್ದೇನೆ.